ಕುರಿಗೆ ಕಪ್ಪು ಬಣ್ಣ ಏಕೆ ಹಚ್ಚಿದಿರಿ?

ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸದ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಚಿತ್ರದುರ್ಗದಲ್ಲಿ ನೆಲೆಸಿರುವ ಚಿತ್ರಕಾರರೊಬ್ಬರು ಈ ಸಂಚಿಕೆಯಲ್ಲಿ ಉತ್ತರಿಸಿದ್ದಾರೆ. ಒಂದೇ ವಿಷಯವನ್ನು ಕೇಳಿದ ಪತ್ರಗಳನ್ನು ಒಟ್ಟುಗೂಡಿಸಿ ಸಂಗ್ರಹಿಸಲಾಗಿದೆ.

ಕಥೆ ಕೈಗೆ ಬಂದ ದಿನದಿಂದ ಮೊದಲ ಗೆರೆ ಎಳೆಯುವವರೆಗೆ ತಾವು ಏನೇನು ಮಾಡುತ್ತೀರಿ? ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ?
— ದೃಶ್ಯಕಲೆಯ ವಿದ್ಯಾರ್ಥಿನಿ, ದಾವಣಗೆರೆ

ಮೊದಲ ಎರಡು ದಿನ ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಕಥೆಯನ್ನು ಗಟ್ಟಿಯಾಗಿ ಓದುತ್ತೇನೆ. ಮುಂದೆ ಈ ಪುಸ್ತಕವನ್ನು ಅಮ್ಮನೋ ಅಜ್ಜನೋ ಶಿಕ್ಷಕರೋ ಮಗುವಿಗೆ ಗಟ್ಟಿಯಾಗಿಯೇ ಓದಿ ಹೇಳುವವರಾದ್ದರಿಂದ, ಓದುವ ದನಿ ಎಲ್ಲಿ ತಡೆಯುತ್ತದೆ, ‘ಮುಂದೇನಾಯ್ತು’ ಎಂಬ ಕುತೂಹಲ ಎಲ್ಲಿ ಏಳುತ್ತದೆ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಪುಟ ತಿರುಗಬೇಕಾದದ್ದು ಅಲ್ಲಿ. ಆಮೇಲೆ ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆದು, ಕಥೆ ಹೇಳಿರುವುದನ್ನು ಎಡಕ್ಕೂ, ಕಥೆ ಹೇಳದಿದ್ದರೂ ಚಿತ್ರ ಹೇಳಲೇಬೇಕಾದುದನ್ನು ಬಲಕ್ಕೂ ಬರೆದುಕೊಳ್ಳುತ್ತೇನೆ. ಬಲಗಡೆಯ ಪಟ್ಟಿಯೇ ಯಾವಾಗಲೂ ಉದ್ದ.

ನಿಮ್ಮ ಊರಿನದೇ ಉದಾಹರಣೆ ಕೊಡುತ್ತೇನೆ. ಒಂದು ಕಥೆಯಲ್ಲಿ ‘ಅಜ್ಜಿ ಭಟ್ಟಿಯಿಂದ ಮಂಡಕ್ಕಿ ತಂದಳು’ ಎಂಬ ವಾಕ್ಯವಿತ್ತು. ಬರೆದವರಿಗೆ ನಾಲ್ಕು ಪದಗಳಲ್ಲಿ ಮುಗಿದ ಕೆಲಸ. ಚಿತ್ರ ಬರೆಯುವವರಿಗಾದರೋ ಅಜ್ಜಿ ಅದನ್ನು ಚೀಲದಲ್ಲಿ ತಂದಳೋ ಸೆರಗಿನಲ್ಲಿ ಕಟ್ಟಿಕೊಂಡು ತಂದಳೋ, ಹೊತ್ತು ಬೆಳಗೋ ಸಂಜೆಯೋ, ಭಟ್ಟಿಯವರು ಸೇರಿನಲ್ಲಿ ಅಳೆದರೋ ತಕ್ಕಡಿಯಲ್ಲಿ ತೂಗಿದರೋ, ಭಟ್ಟಿಯ ಒಳಗೆ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂಬುದೆಲ್ಲ ಗೊತ್ತಿರಬೇಕು. ಮಂಡಕ್ಕಿ ಮೆಲ್ಲುತ್ತಲೇ ಬೆಳೆದವನಾದರೂ ನಾನು ಭಟ್ಟಿಯೊಳಗೆ ಕಾಲಿಟ್ಟಿರಲಿಲ್ಲ. ಮಾಲೀಕರ ಅನುಮತಿ ಪಡೆದು ಮೂರು ದಿನ ಬೆಳಗ್ಗೆ ಒಂದು ಮೂಲೆಯಲ್ಲಿ ಕುಳಿತೆ. ಕಾದ ಮರಳಿಗೆ ಅಕ್ಕಿ ಬಿದ್ದ ಕೆಲವೇ ಕ್ಷಣಗಳಲ್ಲಿ ಅದು ಉಬ್ಬಿ ಅರಳುತ್ತಿತ್ತು. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೋಗುವ ಮೊದಲು ನನ್ನ ಮನಸ್ಸಿನಲ್ಲಿದ್ದ ಪುಟ ಬೆಂಕಿಯ ಕೇಸರಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಕಂಡದ್ದು ಬೇರೆ: ಗೋಡೆ, ಸೂರು, ಬಾಗಿಲ ಚೌಕಟ್ಟು ಎಲ್ಲವೂ ಮಸಿ ಹಿಡಿದು ಕಪ್ಪಾಗಿದ್ದ ಆ ಕೋಣೆಯಲ್ಲಿ ಬೆಳ್ಳಗಿದ್ದದ್ದು ಮಂಡಕ್ಕಿಯ ರಾಶಿ ಮಾತ್ರ. ಆ ಜೋಡಿಪುಟವನ್ನು ಕೊನೆಗೆ ಕಪ್ಪು ಮತ್ತು ಕಂದು ಬಣ್ಣಗಳಲ್ಲೇ ಬರೆದು, ರಾಶಿಯ ಜಾಗದಲ್ಲಿ ಬಣ್ಣ ಹಚ್ಚದೆ ಕಾಗದದ ಬಿಳುಪನ್ನೇ ಉಳಿಸಿದೆ. ಮನೆಯಲ್ಲಿ ಕುಳಿತಿದ್ದರೆ ಈ ಯೋಚನೆ ಹುಟ್ಟುತ್ತಿರಲಿಲ್ಲ.

24 ಪುಟಗಳ ಒಂದು ಪುಸ್ತಕಕ್ಕೆ ನನಗೆ ಮೂರರಿಂದ ನಾಲ್ಕು ತಿಂಗಳು ಬೇಕು. ಅದರಲ್ಲಿ ಒಂದು ತಿಂಗಳು ನೋಡುವುದಕ್ಕೇ ಹೋಗುತ್ತದೆ.

ನಮ್ಮ ಶಾಲೆಗೆ ಬಂದ ಪುಸ್ತಕವೊಂದರಲ್ಲಿ ತಾವು ಬರೆದ ಕರಿ ಕುರಿಗಳನ್ನು ಕಂಡು ಮಕ್ಕಳು ‘ಇದು ನಮ್ಮ ಹಟ್ಟಿಯ ಕುರಿ’ ಎಂದು ಕುಣಿದರು. ಆದರೆ ಪೋಷಕರೊಬ್ಬರು, ‘ಕುರಿ ಅಂದ ಮೇಲೆ ಬೆಳ್ಳಗಿರಬೇಕಲ್ಲವೇ, ಕಪ್ಪು ಏಕೆ ಹಚ್ಚಿದ್ದಾರೆ’ ಎಂದು ಕೇಳಿದರು. ನಾನೇನು ಉತ್ತರ ಹೇಳಲಿ?
— ಪ್ರಾಥಮಿಕ ಶಾಲಾ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು

ಅವರ ಮನೆಯಲ್ಲಿ ಕಂಬಳಿ ಇದ್ದರೆ ಅದನ್ನು ತೋರಿಸಿ, ಈ ಬಣ್ಣ ಎಲ್ಲಿಂದ ಬಂತು ಎಂದು ಕೇಳಿರಿ. ಕರಿ ಕಂಬಳಿಗೆ ಬಣ್ಣ ಅದ್ದುವುದಿಲ್ಲ. ಕುರಿಯ ಮೈಮೇಲಿನ ಬಣ್ಣವೇ ಕಂಬಳಿಯ ಬಣ್ಣ.

ಮೋಡದ ತುಣುಕಿನಂತೆ ದುಂಡಗೆ, ಬೆಳ್ಳಗೆ, ಗುಂಗುರು ಉಣ್ಣೆ ಹೊತ್ತ ಕುರಿ ನಮ್ಮ ಪಠ್ಯಗಳಿಗೆ ಚಳಿ ದೇಶಗಳ ಪುಸ್ತಕಗಳಿಂದ ಬಂದು ಕುಳಿತಿದೆ. ಚಳ್ಳಕೆರೆ, ಮೊಳಕಾಲ್ಮೂರು, ಬಳ್ಳಾರಿ ಕಡೆಯ ಕುರಿ ಹಾಗಿಲ್ಲ. ಮೈ ಬಡಕಲು, ಕಾಲು ಉದ್ದ, ಕಿವಿ ಜೋತು ಬಿದ್ದದ್ದು, ಉಣ್ಣೆ ಒರಟು. ಬಣ್ಣ ಕಪ್ಪು, ಕಂದು, ಇಲ್ಲವೇ ಬಿಳಿ ಕಪ್ಪು ಬೆರೆತದ್ದು. ದಿನಕ್ಕೆ ಮೈಲಿಗಟ್ಟಲೆ ನಡೆದು ಕುರುಚಲು ಮೇಯುವ ಪ್ರಾಣಿಗೆ ಉದ್ದ ಕಾಲು ಇರಲೇಬೇಕಲ್ಲವೇ? ಈ ಕುರಿಯ ವಿಷಯವಾಗಿ ಸಂಪಾದಕರೊಬ್ಬರ ಜೊತೆ ನಾನು ಎರಡು ವಾರ ಪತ್ರ ವ್ಯವಹಾರ ನಡೆಸಿದ್ದೇನೆ. ‘ಮಕ್ಕಳಿಗೆ ಮುದ್ದಾಗಿ ಕಾಣುವುದಿಲ್ಲ’ ಎಂಬುದು ಅವರ ವಾದವಾಗಿತ್ತು. ಕುರಿಮರಿಯನ್ನು ತೋಳಲ್ಲಿ ಎತ್ತಿಕೊಂಡು ಓಡುವ ಮಕ್ಕಳು ಈ ಸೀಮೆಯಲ್ಲಿ ಎಷ್ಟಿದ್ದಾರೆಂದು ಬಂದು ನೋಡುವಂತೆ ನಾನು ಬರೆದೆ. ಅವರು ಬರಲಿಲ್ಲ, ಆದರೆ ಒಪ್ಪಿದರು.

ಕಂಬಳಿಯ ಬಗ್ಗೆ ಇನ್ನೊಂದು ಮಾತು. ಕುರುಬರ ಹಿರಿಯರೊಬ್ಬರು ಗುಂಡಿ ಮಗ್ಗದಲ್ಲಿ ನೇಯುವುದನ್ನು ಕುಳಿತು ನೋಡುವಾಗ ನೂಲಿಗೆ ಹುಣಸೆ ಬೀಜದ ಸರಿ (ಗಂಜಿ) ಹಚ್ಚುತ್ತಿದ್ದುದನ್ನು ಗಮನಿಸಿದೆ. ಆ ಸರಿಯ ಬಿಗುವಿನಿಂದ ಹೊಸ ಕಂಬಳಿ ಹತ್ತಿಯ ಬಟ್ಟೆಯಂತೆ ಇಳಿಬೀಳದೆ ಮಡಿಕೆ ಮಡಿಕೆಯಾಗಿ, ಮೂಲೆ ನಿಗುರಿ ನಿಲ್ಲುತ್ತದೆ. ಮಳೆಯಲ್ಲಿ ಕುರಿ ಕಾಯುವವನು ಅದರ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡಾಗ ಅದು ಸಣ್ಣ ಗುಡಾರದ ಆಕಾರ ತಾಳುವುದು ಈ ಬಿಗುವಿನಿಂದಲೇ. ನಾನು ಮೊದಲು ಬರೆದಿದ್ದ ಕೊಪ್ಪೆ ಶಾಲಿನಂತೆ ಮೆತ್ತಗೆ ಹೆಗಲ ಮೇಲೆ ಜಾರಿತ್ತು. ಅದನ್ನು ನೋಡಿ ಆ ಹಿರಿಯರು, ‘ಇದು ನೆನೆದು ತೊಪ್ಪೆಯಾದ ಕಂಬಳಿ ಕಣಪ್ಪಾ’ ಎಂದರು. ಇಂತಹ ಪರೀಕ್ಷಕರು ಯಾವ ಕಾಲೇಜಿನಲ್ಲಿ ಸಿಗುತ್ತಾರೆ?

ಕುರಿಗೆ ಅನ್ವಯಿಸುವುದು ಮನೆಗೂ ಅನ್ವಯಿಸುತ್ತದೆ. ‘ಹಳ್ಳಿ’ ಎಂದೊಡನೆ ಕೈ ತಾನಾಗಿ ಇಳಿಜಾರಿನ ಕೆಂಪು ಹೆಂಚಿನ ಮನೆ, ಪಕ್ಕದಲ್ಲೊಂದು ತೆಂಗಿನ ಮರ, ಹಿಂದೆ ಎರಡು ಹಸಿರು ಗುಡ್ಡ ಬರೆದುಬಿಡುತ್ತದೆ. ಅದು ಮಲೆನಾಡಿಗೂ ಕರಾವಳಿಗೂ ಒಪ್ಪುವ ಚಿತ್ರ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ನೀರು ಜಾರಿಸುವ ಇಳಿಜಾರು ಸೂರಿನ ಅಗತ್ಯವೇ ಇರಲಿಲ್ಲ. ಇಲ್ಲಿನ ಹಳೆಯ ಮಾಳಿಗೆ ಮನೆಗೆ ತೊಲೆ, ಜಂತೆಗಳ ಮೇಲೆ ಮಣ್ಣು ಹಾಸಿದ ಸಮತಟ್ಟು ಮೇಲ್ಛಾವಣಿ. ನೀರು ಇಂಗದಿರಲೆಂದು ಕರಲು ಮಣ್ಣಿನ ಪದರ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಶೇಂಗಾ ಒಣಗುತ್ತದೆ, ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಅಲ್ಲೇ ಮಲಗುತ್ತಾರೆ. ಕಿಟಕಿ ಚಿಕ್ಕದು, ಬೆಳಕು ಬೀಳುವುದು ಮೇಲಿನ ಬೆಳಕಿಂಡಿಯಿಂದ. ಹೀಗಾಗಿ ಮನೆಯೊಳಗಿನ ದೃಶ್ಯದಲ್ಲಿ ಮುಖದ ಮೇಲಲ್ಲ, ತಲೆ ಮತ್ತು ಹೆಗಲ ಮೇಲೆ ಬೆಳಕು ಇರಬೇಕು. ಇದು ಸಣ್ಣ ವಿಷಯವೆನಿಸಬಹುದು, ಆದರೆ ಆ ಮನೆಯಲ್ಲಿ ಹುಟ್ಟಿದ ಮಗು ಬೆಳಕಿಂಡಿಯನ್ನು ಗುರುತಿಸಿಯೇ ಗುರುತಿಸುತ್ತದೆ.

ಹಾಗೆಂದು ಎಲ್ಲ ಕಡೆಯೂ ಮಾಳಿಗೆ ಬರೆಯಲಾಗದು. ಕಥೆ ಚನ್ನಗಿರಿಯ ಕಡೆಯದಾದರೆ ಸೂಳೆಕೆರೆಯ ನೀರು, ಅಡಿಕೆ ತೋಟ, ತೋಟದ ತಂಪು ಹಸಿರು ಬರಬೇಕು. ಅದೇ ದಾವಣಗೆರೆ ಜಿಲ್ಲೆಯ ಜಗಳೂರಿಗೆ ಹೋದರೆ ಆ ಹಸಿರಿನ ಡಬ್ಬಿಯನ್ನು ಮುಚ್ಚಿಡಬೇಕು.

ಮಗಳ ಪುಸ್ತಕದಲ್ಲಿ ಕೊಂಡುಕುರಿಗಳ (ನಾಲ್ಕು ಕೊಂಬಿನ ಹುಲ್ಲೆಗಳ) ಹಿಂಡನ್ನು ಬರೆದಿದ್ದಾರೆ; ಎಲ್ಲಕ್ಕೂ ಎರಡೆರಡೇ ಕೊಂಬು. ಕಾಡುಪ್ರಾಣಿಗಳನ್ನು ಕಾಣದೆ ಬರೆದರೆ ಹೀಗಾಗುತ್ತದೆ ಎಂದು ನಾನು ಭಾವಿಸಿದ್ದೇನೆ. ತಾವು ಹೇಗೆ ಬರೆಯುತ್ತೀರಿ?
— ಕೃಷಿಕರು, ಜಗಳೂರು

ತಾವು ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ನೆರೆಯವರು, ಆದ್ದರಿಂದ ತಪ್ಪು ತಮ್ಮ ಕಣ್ಣಿಗೆ ಬಿದ್ದದ್ದು ಸಹಜ. ಆ ಚಿತ್ರದಲ್ಲಿ ತಪ್ಪು ಒಂದಲ್ಲ, ಮೂರು. ಗಂಡಿಗೆ ಕೊಂಬು ನಾಲ್ಕು: ಕಿವಿಗಳ ನಡುವೆ ಉದ್ದನೆಯ ಒಂದು ಜೊತೆ, ಅದರ ಮುಂದೆ ಹಣೆಯ ಮೇಲೆ ಮೊಟಕಾದ ಇನ್ನೊಂದು ಜೊತೆ. ಹೆಣ್ಣಿಗೆ ಕೊಂಬೇ ಇಲ್ಲ. ಇನ್ನು, ಕೊಂಡುಕುರಿ ಜಿಂಕೆಯಂತೆ ಹಿಂಡು ಕಟ್ಟುವ ಪ್ರಾಣಿಯಲ್ಲ. ಸಾಮಾನ್ಯವಾಗಿ ಒಂಟಿಯಾಗಿ, ಹೆಚ್ಚೆಂದರೆ ಜೋಡಿಯಾಗಿಯೋ ಮರಿಯೊಡನೆಯೋ ಇರುತ್ತದೆ. ಭುಜದ ಎತ್ತರ ಸುಮಾರು 60 ಸೆಂಟಿಮೀಟರ್, ಅಂದರೆ ಹುಲ್ಲು ಬೆಳೆದಾಗ ಬೆನ್ನಷ್ಟೇ ಕಾಣುವಷ್ಟು. ಚಿತ್ರದಲ್ಲಿ ಅದರ ಪಕ್ಕಕ್ಕೊಂದು ಪೊದೆ ಬರೆದರೆ ಪೊದೆ ಪ್ರಾಣಿಗಿಂತ ದೊಡ್ಡದಿರಬೇಕು.

ಪ್ರಾಣಿಯನ್ನು ಕಾಡಿನಲ್ಲಿಯೇ ಕಾಣುವ ಭಾಗ್ಯ ಎಲ್ಲ ಸಲವೂ ಇರುವುದಿಲ್ಲ. ಕೊಂಡುಕುರಿಗಾಗಿ ನಾನು ಹೋದ ಮೂರು ಸಲದಲ್ಲಿ ಎರಡು ಸಲ ಕಂಡದ್ದು ಹಿಕ್ಕೆ ಮತ್ತು ಗೊರಸಿನ ಗುರುತು ಮಾತ್ರ. ಆದರೂ ಹೋಗುತ್ತೇನೆ, ಏಕೆಂದರೆ ಪ್ರಾಣಿ ಸಿಗದಿದ್ದರೂ ಅದು ನಿಲ್ಲುವ ನೆಲದ ಬಣ್ಣ, ಕಮರದ ಗಿಡ, ಒಣಹುಲ್ಲು ಸಿಗುತ್ತವೆ. ದೇಹರಚನೆಯನ್ನು ಪ್ರಾಣಿಶಾಸ್ತ್ರದ ಪುಸ್ತಕಗಳಿಂದ, ಅಸ್ಥಿಪಂಜರದ ಚಿತ್ರಗಳಿಂದ ಕಲಿಯುತ್ತೇನೆ. ಪ್ರಾಣಿ ಮಲಗುವ, ಮೈ ಕೆರೆದುಕೊಳ್ಳುವ, ಆಕಳಿಸುವ ಭಂಗಿಗಳನ್ನು ಇಲ್ಲಿನ ಆಡುಮಲ್ಲೇಶ್ವರದ ಕಿರು ಮೃಗಾಲಯದಲ್ಲಿ ಕುಳಿತು ಗೀಚಿಕೊಳ್ಳುತ್ತೇನೆ. ಆಮೇಲೆ ಅರಣ್ಯ ವೀಕ್ಷಕರೊಬ್ಬರಿಗೆ ಕರಡು ತೋರಿಸುತ್ತೇನೆ.

ಕರಡಿಯ ವಿಷಯದಲ್ಲಿ ಆಗಿರುವ ಅನ್ಯಾಯ ಇನ್ನೂ ದೊಡ್ಡದು. ಜೋಗಿಮಟ್ಟಿಯ ಕಾಡಿನಲ್ಲಿ ಕರಡಿಗಳಿರುವ ಈ ಜಿಲ್ಲೆಯ ಮಕ್ಕಳು ಓದುವ ಕಥೆಗಳಲ್ಲಿ ಕರಡಿ ಎಂದರೆ ಅಂಗಡಿಯ ಟೆಡ್ಡಿ ಗೊಂಬೆ. ನಮ್ಮ ಕರಡಿಗೆ ಜೂಲು ಜೂಲಾದ ಕರಿ ಕೂದಲು, ಮಾಸಲು ಬಣ್ಣದ ಉದ್ದ ಮೂತಿ, ಎದೆಯ ಮೇಲೆ ಲಾಳದಂತಹ ಬಿಳಿ ಗುರುತು, ಹುತ್ತ ಅಗೆಯಲು ಬಾಗಿದ ಉದ್ದ ಉಗುರುಗಳು. ಗೆದ್ದಲನ್ನು ಹೀರಿ ತಿನ್ನುವ ಈ ಪ್ರಾಣಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇರುವುದಿಲ್ಲ, ಹೀಗಾಗಿ ಹಲ್ಲಿನ ಸಾಲು ತೋರಿಸಿ ನಗುವ ಕರಡಿ ನಮ್ಮದಲ್ಲ. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ? ಇದನ್ನು ಬಿಟ್ಟು ಗೊಂಬೆಯನ್ನು ನಕಲು ಮಾಡುವುದೇಕೆಂದು ನನಗೆ ಅರ್ಥವಾಗಿಲ್ಲ.

ಒನಕೆ ಓಬವ್ವನ ಚಿತ್ರ ಬರೆಯುವಾಗ ಭಾವಚಿತ್ರವೇ ಇಲ್ಲದ ವ್ಯಕ್ತಿಯ ಮುಖ, ಉಡುಗೆಗಳನ್ನು ಹೇಗೆ ನಿರ್ಧರಿಸುತ್ತೀರಿ? ಯುದ್ಧದ ದೃಶ್ಯವನ್ನು ಚಿಕ್ಕ ಮಕ್ಕಳಿಗೆ ಹೇಗೆ ತೋರಿಸಬೇಕು?
— ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ

ಮುಖದ ಬಗ್ಗೆ ನನಗೆ ಹೆಚ್ಚು ಚಿಂತೆಯಿಲ್ಲ; ಬೆಳ್ಳಿತೆರೆಯ ಓಬವ್ವನನ್ನು ನಕಲು ಮಾಡದಿದ್ದರೆ ಸಾಕು. ಕೋಟೆಯ ಕೆಳಗಿನ ಸಂತೆಯಲ್ಲಿ ಸೊಪ್ಪು ಮಾರುವ, ನೀರು ಹೊತ್ತು ಗಟ್ಟಿಯಾದ ಕತ್ತಿನ ಹೆಂಗಸರನ್ನು ನೋಡಿ ಬರೆದರೆ ನಡೆಯುತ್ತದೆ. ಚಿಂತೆಯಿರುವುದು ಜಾಗ ಮತ್ತು ವಸ್ತುಗಳ ಬಗ್ಗೆ, ಏಕೆಂದರೆ ಜಾಗ ಇಂದಿಗೂ ಕಣ್ಣೆದುರಿಗಿದೆ.

ಅನೇಕ ಪುಸ್ತಕಗಳಲ್ಲಿ ಓಬವ್ವನ ಕಿಂಡಿಯನ್ನು ಇಟ್ಟಿಗೆ ಗೋಡೆಯಲ್ಲಿ ಕೊರೆದ ದುಂಡು ತೂತಿನಂತೆ ಬರೆದಿರುತ್ತಾರೆ. ಅದು ಬಂಡೆಗಳ ನಡುವಿನ ಇಕ್ಕಟ್ಟಾದ ಸಂದು. ಒಬ್ಬೊಬ್ಬರಾಗಿ ಮೈ ಕುಗ್ಗಿಸಿ ನುಸುಳಬೇಕು. ಕಥೆಯ ಜೀವವೇ ಆ ಇಕ್ಕಟ್ಟಿನಲ್ಲಿದೆ: ಒಮ್ಮೆಗೆ ಒಬ್ಬನೇ, ಅದೂ ತಲೆ ತಗ್ಗಿಸಿ ಬರಬೇಕಾದುದರಿಂದಲೇ ಒಂಟಿ ಹೆಂಗಸು ಹೈದರಾಲಿಯ ಸೈನಿಕರನ್ನು ತಡೆಯಲು ಸಾಧ್ಯವಾಯಿತು. ದುಂಡು ತೂತು ಬರೆದರೆ ಮಗುವಿಗೆ ಅವಳ ಉಪಾಯ ತಿಳಿಯುವುದಿಲ್ಲ, ಬರಿಯ ಆವೇಶ ಮಾತ್ರ ತಿಳಿಯುತ್ತದೆ. ನಾನು ಅಲ್ಲಿಗೆ ನಾಲ್ಕು ಸಲ ಹೋಗಿ, ನನ್ನ ಮೈಯನ್ನೇ ಅಳತೆಗೋಲು ಮಾಡಿಕೊಂಡು, ಕುಳಿತಾಗ ಬೆಳಕು ಎಷ್ಟು, ಬಗ್ಗಿದಾಗ ಹೆಗಲು ಎಲ್ಲಿ ತಾಗುತ್ತದೆ ಎಂದು ಬರೆದುಕೊಂಡೆ. ಬಂಡೆಯ ಬಣ್ಣವನ್ನೂ ಬರಿಯ ಬೂದಿ ಎನ್ನಲಾಗದು. ಬಿಸಿಲಿಗೆ ನಸುಗೆಂಪು, ಮಳೆನೀರು ಇಳಿದಲ್ಲೆಲ್ಲ ಕಪ್ಪು ಪಟ್ಟೆ. ಕೋಟೆಯ ಗೋಡೆಯ ಕಲ್ಲುಗಳ ನಡುವೆ ಗಾರೆಯ ಗೆರೆ ಬರೆಯಬಾರದು, ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಗೋಡೆಯದು.

ಒನಕೆಯನ್ನು ನಮ್ಮ ಮನೆಯ ಅಟ್ಟದಿಂದ ಇಳಿಸಿದೆ. ಅದು ನೇರವಾದ ದೊಣ್ಣೆಯಲ್ಲ. ಹಿಡಿಯುವ ನಡುಭಾಗ ಸವೆದು ತುಸು ತೆಳ್ಳಗಿದೆ, ಕುಟ್ಟುವ ತುದಿಗೆ ಅಣಸು, ಅಂದರೆ ಕಬ್ಬಿಣದ ಬಳೆ ಇದೆ. ಎತ್ತಿ ಹಿಡಿದಾಗ ತೂಕದಿಂದ ಮೊಣಕೈ ಹೊರಕ್ಕೆ ಬಾಗುತ್ತದೆ. ಮನೆಯವರಿಂದ ಫೋಟೊ ತೆಗೆಸಿಕೊಂಡೇ ಆ ಭಂಗಿ ಬರೆದೆ. ಅಕ್ಕಪಕ್ಕದವರು ಏನೆಂದುಕೊಂಡರೋ ತಿಳಿಯದು.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದು ಊಟದ ತಟ್ಟೆಯಲ್ಲಿ. ಓಬವ್ವನ ಗಂಡ ಕಹಳೆಯ ಮುದ್ದಹನುಮ ಊಟಕ್ಕೆ ಕುಳಿತಾಗ ಅವಳು ನೀರಿಗೆ ಹೋದಳೆಂಬ ದೃಶ್ಯಕ್ಕೆ ನಾನು ಬರೆದಿದ್ದು ಹೊಳೆಯುವ ಸ್ಟೀಲ್ ತಟ್ಟೆ, ಸ್ಟೀಲ್ ಚೊಂಬು. ದುರ್ಗ ಹೈದರಾಲಿಯ ವಶವಾದದ್ದು 1779ರಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ದಿನವೂ ಉಣ್ಣುವ ತಟ್ಟೆಯಾದ್ದರಿಂದ ಅನುಮಾನವೇ ಬರಲಿಲ್ಲ. ಮುದ್ರಣಕ್ಕೆ ಹೋಗುವ ಹಿಂದಿನ ವಾರ ಕಣ್ಣಿಗೆ ಬಿದ್ದು, ಅದರ ಜಾಗದಲ್ಲಿ ಕಂಚಿನ ಗಂಗಾಳ, ಮಣ್ಣಿನ ಗಡಿಗೆ ಬರೆದೆ. ಅಂದಿನಿಂದ ಐತಿಹಾಸಿಕ ಕಥೆಯಾದರೆ ಪ್ರತಿ ಪುಟದ ಪ್ರತಿ ವಸ್ತುವಿಗೂ ‘ಇದು ಆಗ ಇತ್ತೆ’ ಎಂಬ ಒಂದು ಕಾಲಂ ಹಾಕಿಕೊಂಡಿದ್ದೇನೆ.

ಹಿಂಸೆಯ ಬಗ್ಗೆ: ಆರೇಳು ವರ್ಷದ ಮಕ್ಕಳ ಪುಸ್ತಕದಲ್ಲಿ ನಾನು ಏಟನ್ನು ತೋರಿಸಲಿಲ್ಲ. ಒಂದು ಪುಟದಲ್ಲಿ ಕಿಂಡಿಯಿಂದ ಹೊರಬರುತ್ತಿರುವ ಮುಂಡಾಸು, ಬದಿಯ ಕತ್ತಲಲ್ಲಿ ಉಸಿರು ಬಿಗಿಹಿಡಿದ ಓಬವ್ವ, ಮೇಲೆತ್ತಿದ ಒನಕೆಯ ನೆರಳು. ಪುಟ ತಿರುಗಿಸಿದರೆ ಬಂಡೆಯ ಮೇಲಿಂದ ಗಾಬರಿಯಿಂದ ಹಾರುವ ಹಕ್ಕಿಗಳು.

ಅಂತರ್ಜಾಲದಲ್ಲಿ ಎಲ್ಲ ಫೋಟೊಗಳೂ ಸಿಗುವಾಗ, ಈಗ ಎಐ ಕೂಡ ಇರುವಾಗ, ಇಷ್ಟು ಅಲೆದಾಟ ಬೇಕೆ?
— ಹರಿಹರದ ಓದುಗರು

ಬೇಕು. ಫೋಟೊ ಒಂದು ಬದಿಯನ್ನಷ್ಟೇ ತೋರಿಸುತ್ತದೆ. ಕಥೆಗೆ ಬೇಕಾಗುವುದು ಸಾಮಾನ್ಯವಾಗಿ ಅದರ ಹಿಂಬದಿ. ಮತ್ತೊಬ್ಬರ ಫೋಟೊವನ್ನು ಗೆರೆಗೆ ಗೆರೆ ನಕಲು ಮಾಡಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೂ ಆಗುತ್ತದೆ. ಎಐಗೆ ‘ಚಿತ್ರದುರ್ಗದ ಹಳ್ಳಿ’ ಎಂದು ಕೇಳಿ ನೋಡಿದೆ. ಹೆಂಚಿನ ಮನೆ, ತೆಂಗಿನ ಮರ, ಬಿಳಿ ಕುರಿ ಮೂರೂ ಬಂದವು.

ಡಿಜಿಟಲ್ ಆಗಿ ಬರೆದ ನನ್ನ ಚಿತ್ರಗಳು ಪರದೆಯ ಮೇಲೆ ಚೆನ್ನಾಗಿದ್ದು ಅಚ್ಚಾದಾಗ ಮಂಕಾದವು, ಕೆಲವು ಕಡೆ ಅಕ್ಷರಗಳಿಗೆ ಜಾಗ ಸಾಲಲಿಲ್ಲ. ಮುದ್ರಣಕ್ಕೆ ಚಿತ್ರಗಳನ್ನು ಸಿದ್ಧಪಡಿಸುವ ಕ್ರಮವನ್ನು ವಿವರಿಸುವಿರಾ?
— ಯುವ ಚಿತ್ರಕಾರ, ದಾವಣಗೆರೆ

ಪುಟಗಳ ಲೆಕ್ಕದಿಂದ ಆರಂಭಿಸೋಣ. ದೊಡ್ಡ ಹಾಳೆಯನ್ನು ಮುದ್ರಿಸಿ ಮಡಚಿ ಕತ್ತರಿಸುವುದರಿಂದ ಪುಸ್ತಕದ ಪುಟಗಳು 8 ಅಥವಾ 16ರ ಗುಣಕಗಳಲ್ಲಿ ಬರುತ್ತವೆ. 16 ಪುಟಗಳ ಒಂದು ಮಡಿಕೆಯನ್ನು ಮುದ್ರಣಾಲಯದವರು ಫಾರಂ ಎನ್ನುತ್ತಾರೆ. ಚಿತ್ರಪುಸ್ತಕಗಳು 16, 24, 32 ಪುಟಗಳಿರುವುದು ಈ ಕಾರಣಕ್ಕೆ. ಶೀರ್ಷಿಕೆಗೂ ಪ್ರಕಾಶನದ ವಿವರಗಳಿಗೂ ಎರಡು ಮೂರು ಪುಟ ಹೋದರೆ ಉಳಿದದ್ದರಲ್ಲಿ ಕಥೆ ಮುಗಿಯಬೇಕು. ನಾನು ಒಂದೇ ಹಾಳೆಯ ಮೇಲೆ ಬೆಂಕಿಪೊಟ್ಟಣದ ಗಾತ್ರದ ಚೌಕಗಳಲ್ಲಿ ಇಡೀ ಪುಸ್ತಕವನ್ನು ಗೀಚುತ್ತೇನೆ. ಅಷ್ಟು ಚಿಕ್ಕದರಲ್ಲಿ ಕಣ್ಣು ಮೂಗು ಬರೆಯಲಾಗದು. ಎಲ್ಲಿ ದಟ್ಟಣೆ, ಎಲ್ಲಿ ಬಯಲು, ಎಲ್ಲಿ ಹತ್ತಿರದ ನೋಟ, ಎಲ್ಲಿ ದೂರದ ನೋಟ ಎಂಬುದಷ್ಟೇ ಕಾಣುತ್ತದೆ, ಬೇಕಾದದ್ದೂ ಅದೇ. ಆಮೇಲೆ ಕಾಗದ ಮಡಚಿ ಪಿನ್ ಹೊಡೆದು ಡಮ್ಮಿ ಪುಸ್ತಕ ಮಾಡಿ, ನೆರೆಯ ಮಕ್ಕಳ ಕೈಗೆ ಕೊಡುತ್ತೇನೆ. ಓದಲು ಬಾರದ ಮಗು ಚಿತ್ರ ನೋಡಿಯೇ ಕಥೆ ಹೇಳಿದರೆ ಡಮ್ಮಿ ಗೆದ್ದಂತೆ.

ಇದರ ಜೊತೆಗೆ ಪಾತ್ರದ ಹಾಳೆ ಬೇಕು: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ, ಓಡುವಾಗ, ಅಳುವಾಗ. ದೊಡ್ಡವರ ಎತ್ತರ ಅವರ ತಲೆಯ ಏಳು ಏಳೂವರೆ ಪಟ್ಟಿದ್ದರೆ ಐದಾರು ವರ್ಷದ ಮಗುವಿನದು ಸುಮಾರು ಐದೂವರೆ ಪಟ್ಟು. ಈ ಲೆಕ್ಕ ತಪ್ಪಿದರೆ ಮಗು ಕುಳ್ಳನೆಯ ಮುದುಕನಂತೆ ಕಾಣುತ್ತದೆ.

ಈಗ ನಿಮ್ಮ ಎರಡು ತೊಂದರೆಗಳು. ಪರದೆ ಬೆಳಕಿನ ಮೂರು ಬಣ್ಣಗಳಿಂದ ಚಿತ್ರ ಕಟ್ಟುತ್ತದೆ, ಮುದ್ರಣ ಯಂತ್ರ ನಾಲ್ಕು ಶಾಯಿಗಳಿಂದ. ಉಜ್ವಲವಾದ ನೀಲಿ, ಗಿಳಿಹಸಿರು, ಕೇಸರಿ ಬಣ್ಣಗಳನ್ನು ಆ ನಾಲ್ಕು ಶಾಯಿಗಳು ಪೂರ್ತಿ ತಲುಪಲಾರವು. ಆದ್ದರಿಂದ ಆರಂಭದಿಂದಲೇ ಆ ನಾಲ್ಕು ಶಾಯಿಗಳ ಸಿಎಂವೈಕೆ ವಿಧಾನದಲ್ಲಿ ಬಣ್ಣ ನೋಡುತ್ತ ಕೆಲಸ ಮಾಡಿ. ಚಿತ್ರ ಮುಗಿದ ಮೇಲೆ ಬದಲಿಸಿದರೆ ಎದೆಯೊಡೆಯುತ್ತದೆ. ಯಾವ ಕಾಗದಕ್ಕೆ ಅಚ್ಚಾಗುತ್ತದೆಂದು ಕೇಳಿ; ಹೊಳಪಿಲ್ಲದ ಕಾಗದ ಶಾಯಿಯನ್ನು ಹೀರಿ ಬಣ್ಣವನ್ನು ಇನ್ನಷ್ಟು ತಗ್ಗಿಸುತ್ತದೆ. ಸಾಧ್ಯವಾದರೆ ಒಂದು ಪುಟದ ಪರೀಕ್ಷಾ ಮುದ್ರಣ ತೆಗೆಸಿ. ಚಿತ್ರ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಕತ್ತರಿಸುವಾಗ ಬಿಳಿ ಅಂಚು ಇಣುಕದಂತೆ ನಾಲ್ಕೂ ಕಡೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿ ಹೋಗುವ ಹೆಚ್ಚುವರಿ ಚಿತ್ರ, ಬಿಡಿ. ಜೋಡಿಪುಟದ ನಡುಮಡಿಕೆಯಲ್ಲಿ ಮುಖವನ್ನಾಗಲಿ ಕೈಯನ್ನಾಗಲಿ ಇಡಬೇಡಿ.

ಅಕ್ಷರದ ಜಾಗದ ವಿಷಯ ಕನ್ನಡದ್ದೇ ಆದ ತೊಡಕು. ನಮ್ಮ ಲಿಪಿಗೆ ಮೇಲೆ ಗುಣಿತದ ಗುರುತುಗಳು, ಕೆಳಗೆ ಒತ್ತಕ್ಷರಗಳು ಇರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ‘ರಾಷ್ಟ್ರ’ ಎಂದು ಬರೆದು ಅದರ ಕೆಳಗಿನ ಸಾಲಿನಲ್ಲಿ ‘ಕೀರ್ತಿ’ ಎಂದು ಬರೆದು ನೋಡಿ, ಎರಡೂ ಒಂದಕ್ಕೊಂದು ತಾಗುತ್ತವೆ. ಮಕ್ಕಳಿಗಾಗಿ ಅಕ್ಷರ ದೊಡ್ಡದೂ ಇರಬೇಕು. ಇಂಗ್ಲಿಷ್ ಪಠ್ಯ ನೋಡಿ ಜಾಗ ಬಿಟ್ಟು, ಆಮೇಲೆ ಅದರಲ್ಲಿ ಕನ್ನಡ ತುಂಬಲು ಹೊರಟ ಪುಸ್ತಕಗಳಲ್ಲಿ ಅಕ್ಷರಗಳು ಮೋಡದಿಂದ ಜಾರಿ ಮರದ ಮೇಲೆ ಬಿದ್ದಿರುತ್ತವೆ. ಕರಡಿನ ಹಂತದಲ್ಲಿಯೇ ಕನ್ನಡ ಪಠ್ಯವನ್ನು ನಿಜವಾದ ಗಾತ್ರದಲ್ಲಿ ಕೂರಿಸಿ ನೋಡಿ. ಪಠ್ಯವನ್ನು ಚಿತ್ರದೊಳಗೆ ಬೆರೆಸದೆ ಬೇರೆ ಪದರದಲ್ಲಿ, ಕಪ್ಪು ಶಾಯಿ ಒಂದರಲ್ಲೇ ಇಡಿ. ಮುಂದೆ ಮತ್ತೊಂದು ಭಾಷೆಗೆ ಹೋದರೆ ಕಪ್ಪು ಶಾಯಿಯ ಆ ಒಂದು ಮುದ್ರಣ ಪ್ಲೇಟ್ ಮಾತ್ರ ಬದಲಾದರೆ ಸಾಕು.

ಜಲವರ್ಣದಲ್ಲಿ ಬರೆಯುವವರು ದಪ್ಪನೆಯ 300 ಜಿಎಸ್‌ಎಂ ಕಾಗದ ಬಳಸಿ, ಅಚ್ಚಿನ ಅಳತೆಗಿಂತ ಕಾಲುಭಾಗ ದೊಡ್ಡದಾಗಿ ಬರೆದು ಸ್ಕ್ಯಾನ್ ಮಾಡಿಸುವುದು ವಾಸಿ. ಮಿಂಚುವ ಫ್ಲೋರೊಸೆಂಟ್ ಬಣ್ಣಗಳು ಸ್ಕ್ಯಾನ್‌ನಲ್ಲಿ ಸರಿಯಾಗಿ ಬರುವುದಿಲ್ಲ.

ಚಿತ್ರ ಬರೆದುಕೊಟ್ಟ ಮೇಲೆ ಅದರ ಹಕ್ಕು ಯಾರದು? ನನ್ನ ಚಿತ್ರಗಳನ್ನು ಪ್ರಕಾಶಕರು ನನಗೆ ತಿಳಿಸದೆ ಮತ್ತೊಂದು ಭಾಷೆಯ ಪುಸ್ತಕದಲ್ಲಿ ಬಳಸಿದ್ದಾರೆ.
— ಚಿತ್ರಕಲಾ ಶಿಕ್ಷಕರು, ಹೊಸದುರ್ಗ

ಒಪ್ಪಂದದಲ್ಲಿ ಏನಿದೆ ಎಂಬುದರ ಮೇಲೆ ಉತ್ತರ ನಿಂತಿದೆ, ಒಪ್ಪಂದವೇ ಇಲ್ಲದಿದ್ದರೆ ಸ್ಥಿತಿ ತಮಗೆ ಅನುಕೂಲವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಅದನ್ನು ರಚಿಸಿದವರದು. ಆದರೆ ಮತ್ತೊಬ್ಬರ ಕೋರಿಕೆಯಂತೆ ಹಣ ಪಡೆದು ಬರೆದ ವರ್ಣಚಿತ್ರದ ವಿಷಯದಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರನ್ನೇ ಮೊದಲ ಒಡೆಯರೆಂದು 17ನೇ ಕಲಂ ಪರಿಗಣಿಸುತ್ತದೆ. ‘ನಮ್ಮವರೇ ಅಲ್ಲವೇ, ಕಾಗದ ಪತ್ರ ಯಾಕೆ’ ಎಂಬ ಸಂಕೋಚದಿಂದ ನಾನೂ ಮೊದಲ ಮೂರು ಪುಸ್ತಕಗಳ ಹಕ್ಕು ಕಳೆದುಕೊಂಡಿದ್ದೇನೆ.

ಇನ್ನು ಮುಂದೆ ಎರಡು ಪುಟದ ಒಪ್ಪಂದವಾದರೂ ಇರಲಿ. ಯಾವ ಭಾಷೆಗಳಿಗೆ, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ, ಅಚ್ಚಿಗೆ ಮಾತ್ರವೋ ಇ-ಪುಸ್ತಕಕ್ಕೂ ಸೇರಿಯೋ ಎಂಬುದನ್ನು ಬರೆಸಿ. ಹಕ್ಕನ್ನು ವಹಿಸಿಕೊಡುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತವೆಂದೂ 19ನೇ ಕಲಂ ಹೇಳುತ್ತದೆ. ಮೂಲಚಿತ್ರದ ಹಾಳೆಗಳು ಮರಳಿ ಬರಬೇಕೆಂಬುದನ್ನೂ ಸೇರಿಸಿ. ಹಕ್ಕು ಕೊಟ್ಟ ಮೇಲೂ ಕೃತಿಯ ಮೇಲೆ ತಮ್ಮ ಹೆಸರು ಕೇಳುವ, ಮಾನಕ್ಕೆ ಕುಂದು ತರುವಂತೆ ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ನೈತಿಕ ಹಕ್ಕು 57ನೇ ಕಲಮಿನಂತೆ ತಮ್ಮಲ್ಲೇ ಉಳಿಯುತ್ತದೆ. ಮುಕ್ತ ಪರವಾನಗಿಯ ವೇದಿಕೆಗಳ ಲೆಕ್ಕ ಬೇರೆ: ಮಕ್ಕಳ ಪುಸ್ತಕಗಳ ಪ್ರಕಾಶಕರಾದ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರ ಸೇರಿತೆಂದರೆ ಚಿತ್ರಕಾರರ ಹೆಸರು ಹಾಕಿ ಯಾರಾದರೂ ಅನುವಾದಕ್ಕೆ, ಹೊಸ ಕಥೆಗೆ ಬಳಸಬಹುದು. ಅದನ್ನು ತಿಳಿದೇ ಒಪ್ಪಬೇಕು. ನಾನು ಕೆಲವು ಚಿತ್ರಗಳನ್ನು ಹಾಗೆ ಸಂತೋಷದಿಂದಲೇ ಬಿಟ್ಟುಕೊಟ್ಟಿದ್ದೇನೆ.

ತಮ್ಮ ಈಗಿನ ಪ್ರಕರಣದಲ್ಲಿ ಹಳೆಯ ಪತ್ರ, ಹಣ ಸಂದಾಯದ ರಸೀದಿ, ಮೊಬೈಲ್ ಸಂದೇಶಗಳನ್ನು ತೆಗೆದುಕೊಂಡು ವಕೀಲರೊಬ್ಬರನ್ನು ಕಾಣುವುದು ಲೇಸು.

ನೀವು ತಪ್ಪು ಬರೆದರೆ ಏನು ಮಾಡುತ್ತೀರಿ? ನಿಮ್ಮ ಪುಸ್ತಕದಲ್ಲಿ ಹುಡುಗಿಯ ಬಲಗೈಯಲ್ಲಿದ್ದ ಹಸಿರು ಬಳೆ ಮುಂದಿನ ಪುಟದಲ್ಲಿ ಎಡಗೈಗೆ ಹೋಗಿದೆ.
— ಆರನೆಯ ತರಗತಿಯ ವಿದ್ಯಾರ್ಥಿನಿ, ಹಿರಿಯೂರು

ನೀನು ಹೇಳಿದ್ದು ಸರಿ. ಪುಸ್ತಕ ತೆಗೆದು ನೋಡಿದೆ, ಬಳೆ ಕೈ ಬದಲಿಸಿದೆ. ಹೇಗಾಯಿತೆಂದು ಹೇಳುತ್ತೇನೆ ಕೇಳು. ನಾನು ಮೊದಲು ಆ ಹುಡುಗಿ ಎಡಕ್ಕೆ ಓಡುವಂತೆ ಬರೆದಿದ್ದೆ. ನಾವು ಎಡದಿಂದ ಬಲಕ್ಕೆ ಓದುವುದರಿಂದ ಅವಳು ಬಲಕ್ಕೆ ಓಡಿದರೆ ಮುಂದಿನ ಪುಟಕ್ಕೆ ಓಡಿದಂತೆ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು. ಹೊಸದಾಗಿ ಬರೆಯುವ ಸೋಮಾರಿತನದಿಂದ ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಹುಡುಗಿಯ ಜೊತೆ ಬಳೆಯೂ ತಿರುಗಿತು. ನೀನು ಇನ್ನೊಂದನ್ನು ಗಮನಿಸಿಲ್ಲ ಎಂದು ಕಾಣುತ್ತದೆ: ಅದೇ ಪುಟದಲ್ಲಿ ಅಜ್ಜಿಯ ಸೆರಗು ಕೂಡ ಎಡ ಹೆಗಲಿನಿಂದ ಬಲ ಹೆಗಲಿಗೆ ಹೋಗಿದೆ.

ಎರಡನ್ನೂ ಮೂಲ ಕಡತದಲ್ಲಿ ಸರಿಪಡಿಸಿದ್ದೇನೆ, ಮರುಮುದ್ರಣವಾದಾಗ ಸರಿಯಾಗಿ ಬರುತ್ತದೆ. ಅಲ್ಲಿಯವರೆಗೆ ನಿನ್ನ ಪ್ರತಿಯಲ್ಲಿ ಬಣ್ಣದ ಪೆನ್ಸಿಲಿನಿಂದ ಬಲಗೈಗೆ ಒಂದು ಬಳೆ ತೊಡಿಸು. ಪುಸ್ತಕ ಶಾಲೆಯ ಗ್ರಂಥಾಲಯದ್ದಾದರೆ ಮಾತ್ರ ಬೇಡ.